ಸಿದ್ಧ ತಂತ್ರಾಂಶ ಮತ್ತು ಹೇಳಿ ಮಾಡಿಸಿದ ತಂತ್ರಾಂಶ

ಒಂದೇ ಸಂಸ್ಥೆಯ ಅಗತ್ಯಕ್ಕೆಂದು ಬರೆಸಿಕೊಂಡದ್ದು ಹೇಳಿ ಮಾಡಿಸಿದ ತಂತ್ರಾಂಶ. ಒಮ್ಮೆ ಬರೆದು ಹಲವರಿಗೆ ಪರವಾನಗಿ ಕೊಟ್ಟು ಮಾರುವುದು ಸಿದ್ಧ ತಂತ್ರಾಂಶ. ಇತಿಹಾಸದಲ್ಲಿ ಎರಡನೆಯದು ಹುಟ್ಟಿದ್ದು ಬಹುಪಾಲು ಮೊದಲನೆಯದರ ಹೊಟ್ಟೆಯಲ್ಲೇ.

1950ರ ದಶಕದಲ್ಲಿ ಪ್ರೋಗ್ರಾಂಗೆ ಬಿಡಿಯಾಗಿ ಬೆಲೆಯೇ ಇರಲಿಲ್ಲ. ಕಂಪ್ಯೂಟರ್ ತಯಾರಕರು ಯಂತ್ರದ ಜೊತೆಗೇ ಕೊಡುತ್ತಿದ್ದರು. ಉಳಿದದ್ದನ್ನು ಗ್ರಾಹಕರು ತಾವೇ ಬರೆದುಕೊಳ್ಳುತ್ತಿದ್ದರು, ಇಲ್ಲವೇ 1955ರಲ್ಲಿ ಶುರುವಾದ ಕಂಪ್ಯೂಟರ್ ಯೂಸೇಜ್ ಕಂಪನಿಯಂಥವರಿಂದ ಬರೆಸುತ್ತಿದ್ದರು. 1964ರಲ್ಲಿ ಕಂಪ್ಯೂಟರ್ ತಯಾರಿಸುತ್ತಿದ್ದ ಆರ್‌ಸಿಎ ಕಂಪನಿ, ಪ್ರೋಗ್ರಾಂ ಓದಿ ತಾನೇ ಫ್ಲೋಚಾರ್ಟ್ ಬಿಡಿಸುವ ತಂತ್ರಾಂಶವೊಂದು ಬೇಕೆಂದು ಅಮೆರಿಕದ ಅಪ್ಲೈಡ್ ಡೇಟಾ ರಿಸರ್ಚ್ ಸಂಸ್ಥೆಯನ್ನು ಕೇಳಿತು. ಸಿದ್ಧವಾದ ಮೇಲೆ ಆರ್‌ಸಿಎ ಕೊಳ್ಳಲಿಲ್ಲ, ಬೇರೆ ತಯಾರಕರೂ ಒಲ್ಲೆ ಎಂದರು. ಸಂಸ್ಥೆಯ ಮಾರ್ಟಿನ್ ಗೆಟ್ಸ್ ಅದನ್ನು ‘ಆಟೋಫ್ಲೋ’ ಎಂದು ಬಳಕೆದಾರರಿಗೇ ನೇರವಾಗಿ ಮಾರಲು ಹೊರಟರು. ಆದರೆ ಇನ್ನೊಂದು ಕಂಪ್ಯೂಟರ್ ತಯಾರಕ ಕಂಪನಿ ಐಬಿಎಂ ಇಂಥದ್ದೇ ಒಂದನ್ನು ಪುಕ್ಕಟೆ ಕೊಡುತ್ತಿರುವಾಗ ದುಡ್ಡು ಕೊಟ್ಟು ಕೊಳ್ಳುವವರು ಯಾರು? ಜಗಳ ಕೋರ್ಟಿಗೆ ಹೋಯಿತು. ಅಮೆರಿಕ ಸರ್ಕಾರವೂ ಐಬಿಎಂ ಮೇಲೆ ಏಕಸ್ವಾಮ್ಯದ ದಾವೆ ಹೂಡಿತ್ತು. 1969ರ ಜೂನ್‌ನಲ್ಲಿ, ತಂತ್ರಾಂಶಕ್ಕೂ ಸೇವೆಗೂ ಪ್ರತ್ಯೇಕ ದರ ನಿಗದಿ ಮಾಡುವುದಾಗಿ ಐಬಿಎಂ ಘೋಷಿಸಿತು. ಸಿದ್ಧ ತಂತ್ರಾಂಶದ ಮಾರುಕಟ್ಟೆಗೆ ದಾರಿ ತೆರೆದದ್ದು ಆಗ.

1972ರಲ್ಲಿ ಐಬಿಎಂ ಬಿಟ್ಟ ಐವರು ಜರ್ಮನಿಯಲ್ಲಿ ಕಟ್ಟಿದ ತಂತ್ರಾಂಶ ಕಂಪನಿ ಎಸ್ಎಪಿಯ ಮೊದಲ ಗಿರಾಕಿ ಐಸಿಐ ಕಂಪನಿಯ ನೈಲಾನ್ ಕಾರ್ಖಾನೆ. ಅದಕ್ಕೆಂದು ಬರೆದದ್ದೇ ಮುಂದೆ ಎಲ್ಲರಿಗೂ ಮಾರುವ ಸರಕಿಗೆ ಬುನಾದಿಯಾಯಿತು. ಆದರೂ ಸಿದ್ಧ ಉಡುಪಿನ ಹೊಲಿಗೆ ಬಿಚ್ಚಿಸಿದಂತೆ ಸಿದ್ಧ ತಂತ್ರಾಂಶವನ್ನೂ ತಮಗೆ ತಕ್ಕಂತೆ ಸರಿಮಾಡಿಸಿಕೊಳ್ಳುವ ಗ್ರಾಹಕರ ಚಟ ಹೋಗಲಿಲ್ಲ. ಎಸ್ಎಪಿಯಲ್ಲಿ ಗ್ರಾಹಕರು ಸೇರಿಸುವ ಪ್ರೋಗ್ರಾಂಗಳ ಹೆಸರು ಸಾಮಾನ್ಯವಾಗಿ ಝಡ್ ಅಥವಾ ವೈ ಅಕ್ಷರದಿಂದ ಶುರುವಾಗುತ್ತದೆ. ಹೊಸ ಆವೃತ್ತಿ ಬಂದಾಗಲೆಲ್ಲ ಈ ‘ಝಡ್ ಪ್ರೋಗ್ರಾಂ’ಗಳನ್ನು ಮತ್ತೆ ಪರೀಕ್ಷಿಸಬೇಕು, ಖರ್ಚು ಗ್ರಾಹಕರದೇ. ಅಗ್ಗವೆಂದು ಕೊಂಡ ಸಿದ್ಧ ಸರಕು ದುಬಾರಿಯಾಗುವುದು ಸಾಮಾನ್ಯವಾಗಿ ಇಲ್ಲೇ.

ಬೆಂಗಳೂರಿನ ಟ್ಯಾಲಿಯ ಕಥೆಯೂ ಇದೇ ಜಾಡಿನದು. ತಮ್ಮ ವ್ಯಾಪಾರಕ್ಕೆ ಒಗ್ಗುವ ಲೆಕ್ಕದ ತಂತ್ರಾಂಶ ಸಿಗದೆ ಶ್ಯಾಮ್ ಸುಂದರ್ ಗೋಯೆಂಕಾ ಮಗ ಭರತ್ ಕೈಲಿ ಬರೆಸಿದರು. 1986ರಲ್ಲಿ ಅದರಿಂದ ಕಂಪನಿಯೇ ಹುಟ್ಟಿತು. ಟ್ಯಾಲಿಗೆ ಟಿಡಿಎಲ್ ಎಂಬ ತನ್ನದೇ ಭಾಷೆಯಿದೆ. ಅಡಿಕೆ ಮಂಡಿಯವರಿಗೆ ಬಿಲ್ಲಿನಲ್ಲಿ ಚೀಲಗಳ ಲೆಕ್ಕಕ್ಕೊಂದು ಕಾಲಂ ಬೇಕೆಂದರೆ, ಮೂಲ ಪ್ರೋಗ್ರಾಂಗೆ ಕೈಹಚ್ಚದೆ ಅಷ್ಟನ್ನು ಮಾತ್ರ ಟಿಡಿಎಲ್‌ನಲ್ಲಿ ಬರೆದು ಜೋಡಿಸಬಹುದು.