ಹೆಜ್ಜೆ ಓದಿದವರು

ಬೇಟೆಯೆಂದೊಡನೆ ನಿಮ್ಮ ಕಣ್ಣ ಮುಂದೆ ಏನು ನಿಲ್ಲುತ್ತದೆ? ಬಿಲ್ಲು ಬಾಗಿಸಿದ ಅರಸು, ಕುದುರೆಯ ಓಟ, ನಾಯಿಗಳ ಬೊಗಳು, ಜೀವ ಹಿಡಿದು ಓಡುವ ಜಿಂಕೆ. ಆದರೆ ಬೇಟೆಯ ಮುಖ್ಯ ಕೆಲಸ ಅದಕ್ಕೆ ಎಷ್ಟೋ ಮೊದಲೇ, ಸದ್ದಿಲ್ಲದೆ ನಡೆದಿರುತ್ತಿತ್ತು. ಮೃಗ ಎಲ್ಲಿ ಮೇಯುತ್ತದೆ, ಎಲ್ಲಿ ನೀರು ಕುಡಿಯುತ್ತದೆ, ಎಲ್ಲಿ ಮಲಗುತ್ತದೆ ಎಂಬುದನ್ನು ಕಾಡು ಸುತ್ತಿ ತಿಳಿದು ಬರುವವನೊಬ್ಬ ಬೇಕಿತ್ತು. ಕಾವ್ಯ ಬಹುಮಟ್ಟಿಗೆ ಹೊಗಳಿದ್ದು ಬಾಣ ಬಿಟ್ಟವನನ್ನು, ಜಾಡು ಹಿಡಿದವನನ್ನಲ್ಲ.

ಅವನು ಓದುತ್ತಿದ್ದುದೇನು? ತೇವದ ಮಣ್ಣಿನಲ್ಲಿ ಸೀಳುಗೊರಸಿನ ಗುರುತು. ಕಡವೆಯದು ದೊಡ್ಡದು, ಚುಕ್ಕೆ ಜಿಂಕೆಯದು ಚಿಕ್ಕದು. ಅಂಚು ಚೂಪಾಗಿದ್ದರೆ ಹೆಜ್ಜೆ ಹೊಸದು. ಕುಸಿದು, ಒಳಗೆ ತರಗು ಬಿದ್ದಿದ್ದರೆ ಹಳೆಯದು. ಹಿಕ್ಕೆ ಒದ್ದೆಯಾಗಿ ಹೊಳೆಯುತ್ತಿದ್ದರೆ ಮೃಗ ದೂರ ಹೋಗಿಲ್ಲ. ಕೊಂಬಿನ ಮೇಲಿನ ಮೆತ್ತನೆಯ ತೊಗಲು ಒಣಗಿದಾಗ ಗಂಡು ಜಿಂಕೆ ಅದನ್ನು ಗಿಡಮರಕ್ಕೆ ಉಜ್ಜಿ ಕಳೆಯುತ್ತದೆ. ತೊಗಟೆ ಸುಲಿದ ಎಳೆಮರ ಅದಕ್ಕೆ ಸಾಕ್ಷಿ. ಕಡವೆ ಕೆಸರಿನಲ್ಲಿ ಹೊರಳಿದ ಕುರುಹು ಬಿಡುತ್ತದೆ. ಗಂಡು ಕೃಷ್ಣಮೃಗ ಒಂದೇ ಎಡೆಯಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕಿ ತನ್ನ ಗಡಿಯನ್ನು ಸಾರುತ್ತದೆ.

ಈ ತಿಳಿವಳಿಕೆ ಅರಮನೆಯ ಗ್ರಂಥಕ್ಕೂ ಏರಿತು. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದ. ಅರಸರ ವಿನೋದಗಳನ್ನು ಹೇಳುವಾಗ ಅವನು ಬೇಟೆಯನ್ನೂ ವಿವರಿಸಿದ್ದಾನೆ. ನೀರಿನೆಡೆ ಹೊಂಚುವುದು, ಸಾಕಿದ ಜಿಂಕೆಯನ್ನು ಮುಂದೊಡ್ಡಿ ಕಾಡಿನದನ್ನು ಸೆಳೆಯುವುದು, ಪಳಗಿಸಿದ ಚೀತಾವನ್ನು ಬಿಡುವುದು ಎಲ್ಲ ಅಲ್ಲಿ ಉಂಟು. ಮೃಗದ ನಡೆ ತಿಳಿಯದೆ ಇವುಗಳಲ್ಲಿ ಒಂದೂ ಸಾಗದು.

ಮೈಸೂರಿನ ಓರಿಯೆಂಟಲ್ ಗ್ರಂಥಾಲಯದಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳಿಗೆ ದೊರೆತು, 1909ರಲ್ಲಿ ಅಚ್ಚಾದ ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ತೆರೆದು ನೋಡಿ. ಅದು ಬೇಟೆಯನ್ನು ಅರಸನ ದುರ್ವ್ಯಸನಗಳಲ್ಲೇ ಸೇರಿಸುತ್ತದೆ. ಆದರೂ ಅದರಿಂದ ಒಂದು ಲಾಭವುಂಟೆನ್ನುತ್ತದೆ: ಮೃಗ ಸಿಟ್ಟಿನಲ್ಲಿ, ಭಯದಲ್ಲಿ, ನೆಮ್ಮದಿಯಲ್ಲಿ ಹೇಗಿರುತ್ತದೆಂಬ ಅರಿವು.

ಬೇಟೆ ಈಗ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಕಡಿವಾಣ ಹಾಕಿತು; 1991ರ ತಿದ್ದುಪಡಿ ಬಾಗಿಲನ್ನೇ ಮುಚ್ಚಿತು. ಮೈಸೂರು ಅರಸರ ಬೇಟೆಗಾಡಾಗಿದ್ದ ಬಂಡೀಪುರ, 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ತಾಣಗಳಲ್ಲಿ ಒಂದಾಯಿತು. ಜಾಡಿನ ವಿದ್ಯೆ ಮಾತ್ರ ಕೆಲಸ ಕಳೆದುಕೊಳ್ಳಲಿಲ್ಲ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಹುಲಿ ಗಣತಿಯಲ್ಲಿ ಕ್ಯಾಮರಾಗಳ ಜೊತೆಗೆ, ಇಂದಿಗೂ ಕಾಲ್ನಡಿಗೆಯಲ್ಲಿ ಹುಲಿಯ ಹೆಜ್ಜೆಯನ್ನೂ ಜಿಂಕೆ ಕಡವೆಗಳ ಹಿಕ್ಕೆಯನ್ನೂ ಲೆಕ್ಕ ಹಾಕುತ್ತಾರೆ. ಜಿಂಕೆಯಿಲ್ಲದ ಕಾಡಿನಲ್ಲಿ ಹುಲಿ ಬದುಕಲಾರದಷ್ಟೆ.

ಆದರೆ ಒಂದು ಮಾತನ್ನು ಮರೆಯಬಾರದು. ಈ ಓದು ಕಾಡಿನಲ್ಲಿ ನಡೆದೇ ಬರಬೇಕಾದದ್ದು. ಅದನ್ನು ತಲೆಮಾರುಗಳಿಂದ ಬಲ್ಲ ಜೇನುಕುರುಬರಲ್ಲಿ ಹಲವರು ಅಭಯಾರಣ್ಯಗಳಿಗಾಗಿ ತಮ್ಮ ಹಾಡಿಗಳನ್ನೇ ಬಿಟ್ಟು ಹೊರಬರಬೇಕಾಯಿತು. ಜಿಂಕೆಯನ್ನು ಉಳಿಸಿದ ನಾವು ಅದರ ಹೆಜ್ಜೆ ಓದಬಲ್ಲವರನ್ನೂ ಉಳಿಸಿಕೊಂಡರೆ ಮಾತ್ರ ಆ ಹಳೆಯ ವಿದ್ಯೆ ಮುಂದಿನವರಿಗೆ ದಕ್ಕೀತು.