ಕುಲದೋಷವೂ ನೆಲದೋಷವೂ

ಒಂದು ಮನೆಯಲ್ಲಿ ತಂದೆಗೆ ಬಂದ ರೋಗವು ಮಗನಿಗೂ, ಮಗನಿಗೆ ಬಂದುದು ಮೊಮ್ಮಗನಿಗೂ ಬಂದರೆ ಲೋಕವು ಅದನ್ನು ವಂಶದ ರೋಗವೆಂದು ಕರೆಯುವುದು ವಾಡಿಕೆ. ಆ ಮಾತು ಊರಿನಲ್ಲಿ ಹಬ್ಬಿದ ಮೇಲೆ ಆ ಮನೆಯೊಡನೆ ಸಂಬಂಧ ಬೆಳೆಸಲು ಜನರು ಹಿಂಜರಿಯುವರು. ರೋಗಿಯು ಹಣೆಬರಹವೆಂದು ಸುಮ್ಮನಾಗುವನು. ಕಾರಣವು ಬೇರೆಲ್ಲಿಯಾದರೂ ಇದ್ದೀತೇ ಎಂದು ಕೇಳುವವರೇ ಇಲ್ಲವಾಗುವರು. ಆದರೆ ಒಂದು ಕುಟುಂಬದವರು ಹಂಚಿಕೊಳ್ಳುವುದು ರಕ್ತವೊಂದನ್ನೇ ಅಲ್ಲ. ಕುಡಿಯುವ ನೀರು, ಉಸಿರಾಡುವ ಗಾಳಿ, ಹೊಟ್ಟೆ ಹೊರೆಯುವ ಕಸುಬು ಇವೂ ಅವರಿಗೆ ಸಮಾನವಾದುವು. ಇವೆರಡನ್ನೂ ಬೇರ್ಪಡಿಸಿ ನೋಡುವುದು ಎಷ್ಟು ಆವಶ್ಯಕವೆಂಬುದಕ್ಕೆ ಕೋಲಾರದ ಚಿನ್ನದ ಗಣಿಗಳ ಚರಿತ್ರೆಯೇ ಸಾಕ್ಷಿ.

ನಮ್ಮ ಪ್ರಾಚೀನ ವೈದ್ಯರು ಈ ಭೇದವನ್ನು ಅರಿಯದವರಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ವ್ಯಾಧಿಗಳನ್ನು ಏಳು ಬಗೆಯಾಗಿ ವಿಭಾಗಿಸಿ, ತಂದೆತಾಯಿಗಳ ಶುಕ್ರಶೋಣಿತದೋಷದಿಂದ ಹುಟ್ಟುವವುಗಳಿಗೆ ಆದಿಬಲಪ್ರವೃತ್ತವೆಂದು ಹೆಸರಿಟ್ಟಿದೆ. ಚರಕಸಂಹಿತೆಯ ವಿಮಾನಸ್ಥಾನವಾದರೋ, ಪ್ರಕೃತಿ, ಆಹಾರ, ವಯಸ್ಸುಗಳಲ್ಲಿ ಭಿನ್ನರಾದ ಜನರೆಲ್ಲರೂ ಒಂದೇ ರೋಗದಿಂದ ಏಕೆ ನಾಶವಾಗುವರೆಂಬ ಪ್ರಶ್ನೆಯನ್ನೆತ್ತಿ, ವಾಯು, ಉದಕ, ದೇಶ, ಕಾಲ ಇವು ನಾಲ್ಕೂ ಎಲ್ಲರಿಗೂ ಸಾಮಾನ್ಯವಾದುದರಿಂದ, ಇವು ಕೆಟ್ಟಾಗ ಜನಪದವೇ ಕೆಡುವುದೆಂದು ಉತ್ತರ ಹೇಳಿದೆ. ತತ್ತ್ವವು ಸ್ಪಷ್ಟ, ಯಾವ ರೋಗ ಯಾವ ವರ್ಗಕ್ಕೆ ಸೇರಿದುದೆಂಬ ನಿರ್ಣಯವೇ ಕಷ್ಟ. ಸುಶ್ರುತನು ಕುಷ್ಠವನ್ನು ಮೊದಲನೆಯ ವರ್ಗದಲ್ಲಿ ಎಣಿಸಿದನು. ಇಂದು ನಾವು ಕುಷ್ಠವೆನ್ನುವ ರೋಗಕ್ಕೆ ಒಂದು ಸೂಕ್ಷ್ಮಜೀವಿಯೇ ಕಾರಣವೆಂದು ನಾರ್ವೆ ದೇಶದ ಹ್ಯಾನ್ಸೆನ್ ೧೮೭೩ರಲ್ಲಿ ಕಂಡುಹಿಡಿದನು. ಅಲ್ಲಿಯವರೆಗೆ ಎಷ್ಟು ಮನೆತನಗಳು ತಮ್ಮದಲ್ಲದ ಕಳಂಕವನ್ನು ಹೊತ್ತುವೆಂಬುದನ್ನು ಎಣಿಸಬಲ್ಲವರು ಯಾರು?

ಇನ್ನು ಗಣಿಗಳ ವಿಷಯ. ೧೮೭೫ರಲ್ಲಿ ಮೈಕೇಲ್ ಲೆವೆಲ್ ಎಂಬವನು ಮೈಸೂರು ಸಂಸ್ಥಾನದಿಂದ ಗಣಿ ತೋಡುವ ಹಕ್ಕನ್ನು ಪಡೆದನು. ೧೮೮೦ರಿಂದ ಜಾನ್ ಟೇಲರ್ ಮತ್ತು ಪುತ್ರರ ಸಂಸ್ಥೆಯು ಕಾಲಿಟ್ಟ ಮೇಲೆ ಉದ್ಯಮವು ನೆಲೆಗೊಂಡಿತು. ಚೀಫ್ ಕಮಿಷನರ್ ಬೌರಿಂಗನ ಹೆಸರಿನಿಂದ ಬೌರಿಂಗ್‌ಪೇಟೆಯೆನಿಸಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ೧೮೯೪ರಲ್ಲಿ ರೈಲುದಾರಿಯಾಯಿತು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದಿತು. ತಮಿಳು, ತೆಲುಗು ಸೀಮೆಗಳಿಂದ ಸಾವಿರಾರು ಬಡ ಕುಟುಂಬಗಳು ಬಂದು ಸಾಲುಮನೆಗಳಲ್ಲಿ ಇಕ್ಕಟ್ಟಾಗಿ ನೆಲಸಿದುವು. ಚಾಂಪಿಯನ್ ರೀಫ್ ಗಣಿಯು ಕಡೆಗೆ ಮೂರು ಕಿಲೋಮೀಟರಿಗೂ ಮಿಕ್ಕಿ ಆಳಕ್ಕೆ ಇಳಿಯಿತು.

ಅಲ್ಲಿಯ ಚಿನ್ನವು ಬೆಣಚುಕಲ್ಲಿನ ಪದರಗಳಲ್ಲಿ ಅಡಗಿದ್ದಿತು. ಆ ಕಲ್ಲನ್ನು ಕೊರೆದು ಸಿಡಿಸಿದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕಣಗಳು ಶ್ವಾಸಕೋಶದ ಆಳಕ್ಕೆ ಹೋಗಿ ನಿಲ್ಲುವುವು. ಸುತ್ತಲಿನ ಮಾಂಸವು ನಾರಾಗಿ ಗಟ್ಟಿಯಾಗುವುದು. ಇದಕ್ಕೆ ಸಿಲಿಕೋಸಿಸ್ ಎಂದು ಹೆಸರು. ಇದು ಅನೇಕ ವರ್ಷಗಳಾದ ಮೇಲೆ, ಕೆಲವೊಮ್ಮೆ ಕೆಲಸ ಬಿಟ್ಟ ತರುವಾಯವೂ, ತಲೆದೋರುವುದು. ೧೯೪೦ರ ದಶಕದಲ್ಲಿ ಅಲ್ಲಿ ೭,೬೫೩ ಕೆಲಸಗಾರರನ್ನು ಪರೀಕ್ಷಿಸಿದಾಗ ನೂರಕ್ಕೆ ೪೩.೭ರಷ್ಟು ಮಂದಿಯಲ್ಲಿ ಈ ರೋಗವು ಕಂಡುಬಂದಿತು.

ತಂದೆಯ ಕೆಲಸಕ್ಕೆ ಮಗನು ಸೇರುವುದು ಗಣಿಯಲ್ಲಿ ರೂಢಿಯಾಗಿದ್ದಿತು. ಆದುದರಿಂದ ತಂದೆಯ ಕೆಮ್ಮು ಮಗನಿಗೂ ಬಂದಿತು. ಅಷ್ಟೇ ಅಲ್ಲ, ಧೂಳಿನಿಂದ ಕೆಟ್ಟ ಶ್ವಾಸಕೋಶದಲ್ಲಿ ಕ್ಷಯವು ಸುಲಭವಾಗಿ ನೆಲೆಯೂರುವುದು, ಮತ್ತು ಇಕ್ಕಟ್ಟಾದ ಮನೆಯಲ್ಲಿ ಅದು ಹೆಂಡತಿ ಮಕ್ಕಳಿಗೂ ತಗಲುವುದು. ಹೊರಗಿನವರ ಕಣ್ಣಿಗೆ ಇದು ಮೂರು ತಲೆಮಾರಿನ ವಂಶದ ರೋಗವಾಗಿಯೇ ಕಾಣುವುದು. ಆದರೆ ಬೇರೆ ಕುಲದಿಂದ ಬಂದ ಸೊಸೆಯೂ ಕೆಮ್ಮುವಳಾದರೆ, ದೋಷವು ರಕ್ತದ್ದಲ್ಲವೆಂಬುದಕ್ಕೆ ಬೇರೆ ಪ್ರಮಾಣವೇಕೆ?

ಈ ವಿವೇಚನೆಯು ಕೇವಲ ಪಾಂಡಿತ್ಯದ ಮಾತಲ್ಲ. ರೋಗವು ಕುಲದ್ದೆಂದರೆ ಯಾರೂ ಯಾರಿಗೂ ಉತ್ತರ ಹೇಳಬೇಕಾದುದಿಲ್ಲ. ಧೂಳಿನದೆಂದರೆ, ಕಲ್ಲು ಕೊರೆಯುವಾಗ ನೀರು ಹಾಯಿಸಬೇಕು, ಸುರಂಗಕ್ಕೆ ಗಾಳಿ ಬಿಡಬೇಕು, ಕೆಟ್ಟವನಿಗೆ ಪರಿಹಾರ ಕೊಡಬೇಕು. ೧೯೪೮ರ ಕಾರ್ಖಾನೆಗಳ ಕಾನೂನೂ ೧೯೫೨ರ ಗಣಿಗಳ ಕಾನೂನೂ ಸಿಲಿಕೋಸಿಸನ್ನು ಸರಕಾರಕ್ಕೆ ತಿಳಿಸಲೇಬೇಕಾದ ರೋಗಗಳಲ್ಲಿ ಸೇರಿಸಿದುವು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದುವು. ಒಮ್ಮೆ ಒಳಹೊಕ್ಕ ಧೂಳು ಮಾತ್ರ ಆ ಆಜ್ಞೆಯನ್ನು ಪಾಲಿಸುವಂತಹುದಲ್ಲ.

ವಾಯುವಿನಂತೆಯೇ ಉದಕವೂ. ಬಂಗಾರಪೇಟೆಯನ್ನೊಳಗೊಂಡ ಕೋಲಾರದ ಸೀಮೆಯು ಒಂದು ಕಾಲದಲ್ಲಿ ಕೆರೆಗಳಿಗೆ ಹೆಸರಾದುದು. ಕೆರೆಗಳು ಬತ್ತಿ ಜನರು ಆಳವಾದ ಕೊಳವೆ ಬಾವಿಗಳನ್ನು ನಂಬಿದ ಮೇಲೆ, ಬಂಡೆಗಳಲ್ಲಿರುವ ಫ್ಲೋರೈಡ್ ಎಂಬ ಲವಣಾಂಶವು ಕುಡಿಯುವ ನೀರಿನಲ್ಲಿ ಹೆಚ್ಚಾಗಿ ಬೆರೆಯಿತು. ಲೀಟರಿಗೆ ೧.೫ ಮಿಲಿಗ್ರಾಮನ್ನು ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಮೀರಿದಲ್ಲಿ ಮಕ್ಕಳ ಹಲ್ಲುಗಳಲ್ಲಿ ಕಂದು ಕಲೆಗಳೇಳುವುವು. ಬಹುಕಾಲ ಕುಡಿದವರ ಮೂಳೆಗಳು ಬಿಗಿಯುವುವು. ಅಣ್ಣತಮ್ಮಂದಿರೆಲ್ಲರ ಹಲ್ಲೂ ಒಂದೇ ಬಗೆಯಾಗಿರುವುದನ್ನು ಕಂಡು ಮನೆತನದ ಲಕ್ಷಣವೆನ್ನುವುದು ಸುಲಭ. ಆದರೆ ಒಳ್ಳೆಯ ನೀರಿನ ಊರಿಗೆ ಮದುವೆಯಾಗಿ ಹೋದ ಮಗಳ ಮಕ್ಕಳು ಶುಭ್ರದಂತರಾಗಿಯೇ ಬೆಳೆಯುವರು.

ಹಾಗೆಂದು ಎಲ್ಲವನ್ನೂ ನೆಲದ ಮೇಲೆ ಹೊರಿಸುವುದೂ ಸರಿಯಲ್ಲ. ೧೯೭೫ರ ಸುಮಾರಿಗೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ ಮತ್ತು ಮೊಳಕಾಲಿನ ಕೀಲುಗಳು ಸವೆದು ಜನರನ್ನು ಕುಂಟಾಗಿಸುವ ರೋಗವು ಬೆಳಕಿಗೆ ಬಂದಾಗ, ಕ್ರಿಮಿನಾಶಕ ಬಿದ್ದ ಗದ್ದೆಗಳ ಏಡಿಯನ್ನು ತಿಂದುದೇ ಕಾರಣವೆಂಬ ಶಂಕೆ ಹುಟ್ಟಿತು. ವಂಶಾವಳಿಗಳನ್ನು ಬರೆದು ಪರೀಕ್ಷಿಸಿದ ಬಳಿಕ, ತಂದೆತಾಯಿಗಳಲ್ಲಿ ಒಬ್ಬರಿಂದಲೇ ಬಂದರೂ ಸಾಲುವ ಬೀಜದೋಷವೆಂದು ಗೊತ್ತಾಯಿತು.

ಎರಡೂ ಕೂಡಿ ಉಂಟುಮಾಡುವ ರೋಗಗಳೂ ಉಂಟು. ಪ್ಯಾರಿಸಿನ ಷಾರ್ಕೋ ೧೮೬೮ರಲ್ಲಿ ವಿವರಿಸಿದ ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತಹುದು. ಇದರಲ್ಲಿ ದೇಹದ ರಕ್ಷಣಶಕ್ತಿಯೇ ಮೆದುಳು, ಬೆನ್ನುಹುರಿಗಳ ನರತಂತುಗಳ ಹೊದಿಕೆಯನ್ನು ಕೆಡಿಸುವುದು. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದು ಸುಮಾರು ನಾಲ್ಕರಲ್ಲಿ ಒಂದು ಪಾಲು. ಸಾಧಾರಣ ಒಡಹುಟ್ಟಿದವರಲ್ಲಿ ನೂರಕ್ಕೆ ಕೆಲವರು ಮಾತ್ರ. ಬೀಜವೇ ಸರ್ವಸ್ವವಾಗಿದ್ದರೆ ಆ ಅವಳಿಗಳಲ್ಲಿ ಇಬ್ಬರಿಗೂ ಬರಬೇಕಾಗಿದ್ದಿತು. ಬೀಜಕ್ಕೆ ಪಾತ್ರವೇ ಇಲ್ಲದಿದ್ದರೆ ಈ ಅಂತರವಿರುತ್ತಿರಲಿಲ್ಲ. ಬಿಸಿಲು ಕಡಿಮೆಯಾದ ದೇಶಗಳಲ್ಲಿ ಇದು ಹೆಚ್ಚು. ಧೂಮಪಾನವೂ ಇದಕ್ಕೆ ಸಹಾಯಕ. ಎಪ್‌ಸ್ಟೈನ್-ಬಾರ್ ಎಂಬ ವೈರಸ್ ತಗಲಿದ ಮೇಲೆ ಇದರ ಸಂಭವವು ೩೨ ಪಟ್ಟು ಹೆಚ್ಚುವುದೆಂದು ಅಮೆರಿಕದ ಸೈನಿಕರನ್ನು ಕುರಿತ ಸಂಶೋಧನೆಯು ೨೦೨೨ರಲ್ಲಿ ತೋರಿಸಿತು. ಈ ರೋಗವು ನಮ್ಮ ನಾಡಿನಲ್ಲಿ ವಿರಳವೇ ಹೊರತು ಇಲ್ಲದುದಲ್ಲ. ಮಂಗಳೂರಿನ ವೈದ್ಯರು ಇದನ್ನು ವಿಶೇಷವಾಗಿ ಅಭ್ಯಸಿಸಿರುವರು.

ಹೀಗಿರಲು, ಗೃಹಸ್ಥರಿಗೆ ಉಳಿದ ಪರೀಕ್ಷೆಯು ಸರಳವಾದುದು. ಮಗಳು ಈ ಮನೆಯ ರಕ್ತವನ್ನು ಬೇರೆ ನೆಲಕ್ಕೆ ಒಯ್ಯುವಳು. ಸೊಸೆಯು ಬೇರೆ ರಕ್ತವನ್ನು ಈ ನೆಲಕ್ಕೆ ತರುವಳು. ಅವರಿಬ್ಬರ ಆರೋಗ್ಯವನ್ನು ವಿಚಾರಿಸಿದರೆ ಅರ್ಧ ಸಂಶಯವು ತೀರುವುದು. ಸೋದರಮಾವನ ಮಗಳನ್ನೇ ತರುವ ಮನೆಗಳಲ್ಲಿ ಇದು ಸಾಲದು. ಅಲ್ಲಿ ನೆರೆಮನೆಯನ್ನೂ ಕೇಳಬೇಕು. ಬಾವಿಯ ನೀರನ್ನೂ ಕಸುಬಿನ ಧೂಳನ್ನೂ ಮೊದಲು ವಿಚಾರಣೆಗೆ ನಿಲ್ಲಿಸಿ, ಅವು ನಿರ್ದೋಷಿಗಳೆಂದು ಗೊತ್ತಾದ ಬಳಿಕವೇ ಕುಲವನ್ನು ಕರೆಯುವುದು ನ್ಯಾಯ. ಪಿತೃಗಳಿಂದ ಬಂದುದನ್ನು ಬದಲಾಯಿಸುವುದು ಕಷ್ಟ. ನೀರನ್ನೂ ಗಾಳಿಯನ್ನೂ ಶುದ್ಧಮಾಡುವುದು ಮನುಷ್ಯಯತ್ನಕ್ಕೆ ಸಾಧ್ಯ.