ಹಿಲಾಲ್ ಕಂಡವರ ಮಾತು: ಚಂದ್ರದರ್ಶನದ ಫತ್ವಾಗಳಲ್ಲಿ ಸಾಕ್ಷಿ, ತೋಪು ಮತ್ತು ತಂತಿ

2024ರ ಏಪ್ರಿಲ್ 10ರ ಬುಧವಾರ ಮಂಗಳೂರು, ಉಡುಪಿ ಸೀಮೆಯ ಮಸೀದಿಗಳಲ್ಲಿ ಈದುಲ್ ಫಿತ್ರ್ ನಮಾಜು ನಡೆಯಿತು. ಅದೇ ಬೆಳಿಗ್ಗೆ ಬೆಂಗಳೂರಿನ ಮುಸ್ಲಿಮರು ಸಹರಿ ಮುಗಿಸಿ ಮೂವತ್ತನೆಯ ರೋಜಾ ಹಿಡಿದಿದ್ದರು. ಕೇರಳದಲ್ಲೂ ಕಾಶ್ಮೀರ, ಲಡಾಖ್‌ಗಳಲ್ಲೂ ಅಂದೇ ಹಬ್ಬ; ದೆಹಲಿ, ಲಖನೌ, ಮುಂಬೈಗಳಲ್ಲಿ ಮರುದಿನ. ಇಂಥ ಸಂದರ್ಭಗಳಲ್ಲಿ ಕರಾವಳಿಯಲ್ಲಿ ಚಂದ್ರ ಕಂಡಿತು, ಒಳನಾಡಿನಲ್ಲಿ ಕಾಣಲಿಲ್ಲ ಎಂದು ಪತ್ರಿಕೆಗಳು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ಓದುಗರು ಅದನ್ನು ಭೂಗೋಳದ ಮಾತೆಂದು ತಿಳಿದು ಮುಂದಕ್ಕೆ ಹೋಗುತ್ತಾರೆ.

ಭೂಗೋಳ ಇಲ್ಲಿ ಅಷ್ಟಾಗಿ ನೆರವಿಗೆ ಬರುವುದಿಲ್ಲ. ಮಂಗಳೂರಿಗೂ ಬೆಂಗಳೂರಿಗೂ ರೇಖಾಂಶದಲ್ಲಿ ಇರುವ ಅಂತರ ಮೂರು ಡಿಗ್ರಿಗಿಂತ ಕಡಿಮೆ. ಸೂರ್ಯಾಸ್ತದ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ 11 ನಿಮಿಷ. ಸೂರ್ಯನಿಂದ ಗಂಟೆಗೆ ಅರ್ಧ ಡಿಗ್ರಿಯಂತೆ ದೂರ ಸರಿಯುವ ಚಂದ್ರ ಆ 11 ನಿಮಿಷದಲ್ಲಿ ಹೋಗುವುದು ಒಂದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು. ಪಶ್ಚಿಮದಲ್ಲಿದ್ದವರಿಗೆ ಮೊದಲು ಕಾಣುತ್ತದೆ ಎನ್ನುವುದಾದರೆ ಮಂಗಳೂರಿಗಿಂತಲೂ ಪಶ್ಚಿಮದಲ್ಲಿರುವ ಮುಂಬೈ ಅಂದು ಉಪವಾಸ ಇದ್ದದ್ದೇಕೆ? ಮೋಡ, ಮಂಜು, ಕಟ್ಟಡಗಳ ಸಾಲು ಇವೆಲ್ಲ ಕಾರಣವಾಗಬಹುದು, ನಿಜ. ಆದರೆ ಫತ್ವಾ ಸಂಕಲನಗಳನ್ನು ಓದುತ್ತ ಹೋದರೆ ಬೇರೆಯದೇ ಚಿತ್ರ ಮೂಡುತ್ತದೆ. ಹಿಲಾಲ್ (ಹೊಸ ಚಂದ್ರ) ವಿವಾದದಲ್ಲಿ ಆಕಾಶಕ್ಕೆ ಸಿಕ್ಕ ಜಾಗ ಕಡಿಮೆ, ಸಾಕ್ಷಿಗೆ ಸಿಕ್ಕದ್ದು ಹೆಚ್ಚು. ಚಂದ್ರ ಎಲ್ಲಿದ್ದಾನೆ ಎಂಬುದಕ್ಕಿಂತ, ಅವನನ್ನು ಕಂಡೆ ಎಂದವನ ಮಾತು ಯಾರ ಮುಂದೆ, ಯಾವ ರೂಪದಲ್ಲಿ ಬಂದರೆ ಸಲ್ಲುತ್ತದೆ ಎಂಬುದೇ ಸಾವಿರ ವರ್ಷಗಳ ಚರ್ಚೆಯ ತಿರುಳು ಎಂಬುದು ಈ ಲೇಖನದ ವಾದ.

ಚಂದ್ರನನ್ನು ಕಂಡು ಉಪವಾಸ ಹಿಡಿಯಿರಿ, ಕಂಡು ಬಿಡಿರಿ; ಮೋಡ ಕವಿದರೆ ತಿಂಗಳನ್ನು ಮೂವತ್ತಕ್ಕೆ ತುಂಬಿಸಿ ಎಂಬುದು ಪ್ರವಾದಿ ಮುಹಮ್ಮದರ ನಿರ್ದೇಶನವಾಗಿ ಹದೀಸ್ ಗ್ರಂಥಗಳಲ್ಲಿ ಬಂದಿರುವ ಮೂಲನಿಯಮದ ಸಾರ. ಮರುಭೂಮಿಯ ಒಂಟಿ ಊರಿಗೆ ಇಷ್ಟು ಸಾಕು. ಸಾಮ್ರಾಜ್ಯ ಬೆಳೆದ ಮೇಲೆ ಸಾಕಾಗಲಿಲ್ಲ. ಸಹೀಹ್ ಮುಸ್ಲಿಮ್‌ನಲ್ಲಿರುವ ಕುರೈಬ್‌ನ ವೃತ್ತಾಂತ ಇದನ್ನು ಚೆನ್ನಾಗಿ ತೋರಿಸುತ್ತದೆ. ಖಲೀಫ ಮುಆವಿಯಾನ ಕಾಲದಲ್ಲಿ ಕುರೈಬ್ ಕೆಲಸದ ಮೇಲೆ ಸಿರಿಯಾಕ್ಕೆ ಹೋಗಿ ಅಲ್ಲೇ ರಂಜಾನಿನ ಚಂದ್ರನನ್ನು ಶುಕ್ರವಾರದ ರಾತ್ರಿ ಕಂಡ. ತಿಂಗಳ ಕೊನೆಗೆ ಮದೀನಾಕ್ಕೆ ಮರಳಿದಾಗ ಪ್ರವಾದಿಯ ಅನುಚರ ಇಬ್ನ್ ಅಬ್ಬಾಸ್ ತಾವು ಕಂಡದ್ದು ಶನಿವಾರದ ರಾತ್ರಿ ಎಂದರು. ಮುಆವಿಯಾ ಕಂಡದ್ದು ಸಾಲದೇ ಎಂದು ಕುರೈಬ್ ಕೇಳಿದ. ಸಾಲದು, ನಾವು ಕಾಣುವವರೆಗೆ ಅಥವಾ ಮೂವತ್ತು ತುಂಬುವವರೆಗೆ ಉಪವಾಸ ಮುಂದುವರಿಸುತ್ತೇವೆ ಎಂದು ಇಬ್ನ್ ಅಬ್ಬಾಸ್ ಉತ್ತರಿಸಿದರು.

ಈ ಒಂದು ಸಂಭಾಷಣೆಯನ್ನು ಎರಡು ಪಂಥಗಳು ಎರಡು ರೀತಿ ಓದಿದವು. ಊರೂರಿನ ದಿಗಂತ ಬೇರೆ, ಆದ್ದರಿಂದ ದೂರದ ಊರಿನ ದರ್ಶನ ಇಲ್ಲಿಯವರನ್ನು ಕಟ್ಟಿಹಾಕುವುದಿಲ್ಲ ಎಂಬುದು ಶಾಫಿಈ ಪಂಥದಲ್ಲಿ ಬಲವಾದ ಅಭಿಪ್ರಾಯ. 13ನೇ ಶತಮಾನದ ಇಮಾಮ್ ನವವಿ ಇದನ್ನೇ ಎತ್ತಿಹಿಡಿದರು. ಹನಫಿಗಳ ಮೂಲ ನಿಲುವು ಇದಕ್ಕೆ ತದ್ವಿರುದ್ಧ. ಪಶ್ಚಿಮದಲ್ಲಿ ಕಂಡ ಚಂದ್ರ, ಸುದ್ದಿ ಸರಿಯಾಗಿ ತಲುಪಿದರೆ, ಪೂರ್ವದವರಿಗೂ ಅನ್ವಯ. ಕಾಸಾನಿ, ಝೈಲಈ ಮುಂತಾದ ಕೆಲವು ಹನಫಿ ವಿದ್ವಾಂಸರು ಬಹುದೂರದ ನಾಡುಗಳನ್ನು ಇದರಿಂದ ಹೊರಗಿಟ್ಟರೂ ನೆರೆಹೊರೆಯ ಊರುಗಳ ಬಗ್ಗೆ ಯಾರಿಗೂ ತಕರಾರಿರಲಿಲ್ಲ.

ನಮ್ಮ ರಾಜ್ಯದ ವಿಚಾರಕ್ಕೆ ಬಂದರೆ ಇಲ್ಲೊಂದು ವಿಚಿತ್ರವಿದೆ. ಯೆಮನ್, ಹಳರಮೌತ್‌ಗಳ ಜತೆಗಿನ ಕಡಲ ವ್ಯಾಪಾರದಿಂದ ಬ್ಯಾರಿಗಳೂ ಭಟ್ಕಳದ ನವಾಯತರೂ ಶಾಫಿಈಗಳಾದರು. ದಖನ್ನಿನ ಆಳ್ವಿಕೆಗಳ ಮೂಲಕ ಒಳನಾಡು ಬಹುಮಟ್ಟಿಗೆ ಹನಫಿಯಾಯಿತು. ಪಂಥದ ಸಿದ್ಧಾಂತವನ್ನೇ ಹಿಡಿದರೆ ಮಂಗಳೂರಿನ ದರ್ಶನವನ್ನು ಬೆಂಗಳೂರು ಸಲೀಸಾಗಿ ಒಪ್ಪಬೇಕು, ತಕರಾರು ತೆಗೆಯುವ ಹಕ್ಕೇನಾದರೂ ಇದ್ದರೆ ಅದು ಮಂಗಳೂರಿಗೇ ಇರಬೇಕು. ನಡೆಯುವುದು ಬೇರೆ. ಷರೀಅತ್ ಒಪ್ಪುವ ಸಾಕ್ಷ್ಯ ಬಂದಿಲ್ಲ ಎಂಬ ಮಾತು ಚಂದ್ರದರ್ಶನವನ್ನು ತೀರ್ಮಾನಿಸುವ ಚಾಂದ್ ಸಮಿತಿಗಳ ಪ್ರಕಟಣೆಗಳಲ್ಲಿ ಸಾಮಾನ್ಯ. ಹಾಗಾಗಿ ತೊಡಕು ಇರುವುದು ದಿಗಂತದಲ್ಲಲ್ಲ, ಸಾಕ್ಷ್ಯದಲ್ಲಿ.

ಹನಫಿ ಗ್ರಂಥಗಳು ಸಾಕ್ಷ್ಯದ ಬಗ್ಗೆ ಮಾಡುವ ಒಂದು ಸೂಕ್ಷ್ಮ ವಿಂಗಡಣೆ ನನಗೆ ಬಹಳ ಮೆಚ್ಚುಗೆಯಾಗುತ್ತದೆ. ಮೋಡವಿದ್ದಾಗ ರಂಜಾನಿನ ಆರಂಭಕ್ಕೆ ನಂಬಿಕಸ್ಥ ಒಬ್ಬರು ಕಂಡರೆ ಸಾಕು. ಗಂಡಾಗಲಿ ಹೆಣ್ಣಾಗಲಿ, ಸ್ವತಂತ್ರರಾಗಲಿ ಗುಲಾಮರಾಗಲಿ. ಶವ್ವಾಲಿನ ಚಂದ್ರನಿಗೆ, ಅಂದರೆ ಉಪವಾಸ ಮುಗಿಸುವುದಕ್ಕೆ, ನ್ಯಾಯಾಲಯದ ವ್ಯಾಜ್ಯದಲ್ಲಿ ಬೇಕಾಗುವಷ್ಟೇ ಸಾಕ್ಷಿ ಬೇಕು: ಇಬ್ಬರು ಗಂಡಸರು, ಅಥವಾ ಒಬ್ಬ ಗಂಡಸು ಮತ್ತು ಇಬ್ಬರು ಹೆಂಗಸರು. ಉಪವಾಸ ಶುರುವಾಗುವುದರಿಂದ ಯಾರಿಗೂ ಲಾಭವಿಲ್ಲ, ಮುಗಿಯುವುದರಿಂದ ಎಲ್ಲರಿಗೂ ಲಾಭವಿದೆ. ಲಾಭವಿರುವಲ್ಲಿ ಮಾತನ್ನು ಹೆಚ್ಚು ಪರೀಕ್ಷಿಸಬೇಕು. ಹಸಿದವನ ಕಣ್ಣಿಗೆ ಚಂದ್ರ ಬೇಗ ಕಾಣುತ್ತಾನೆ ಎಂಬುದನ್ನು ಬಲ್ಲವರು ಬರೆದ ನಿಯಮ ಇದು.

ಆಕಾಶ ತಿಳಿಯಾಗಿದ್ದರೆ ಪರೀಕ್ಷೆ ಇನ್ನೂ ಬಿಗಿ. ಎಲ್ಲರೂ ನೋಡುತ್ತಿರುವಾಗ ಒಬ್ಬಿಬ್ಬರಿಗೆ ಮಾತ್ರ ಕಂಡಿತೆಂದರೆ ಅವರು ತಪ್ಪಿರುವ ಸಂಭವವೇ ಹೆಚ್ಚು, ಆದ್ದರಿಂದ ದೊಡ್ಡ ಗುಂಪೇ ಕಂಡಿರಬೇಕು. ಎಷ್ಟು ದೊಡ್ಡದು? ಅಬೂ ಯೂಸುಫ್ ಐವತ್ತು ಎಂದರೆಂದು ಉಲ್ಲೇಖವಿದೆ. ಬಲ್ಖ್‌ನಂಥ ಪಟ್ಟಣದಲ್ಲಿ ಐನೂರೂ ಕಡಿಮೆಯೇ ಎಂಬ ಅಭಿಪ್ರಾಯ ಖಲಫ್ ಇಬ್ನ್ ಅಯ್ಯೂಬ್‌ನದು. ಕೊನೆಗೆ ಸಂಖ್ಯೆಯನ್ನು ಕಾಜಿಯ ವಿವೇಚನೆಗೆ ಬಿಟ್ಟರು. 16ನೇ ಶತಮಾನದ ಕೈರೋದಲ್ಲಿ ಇಬ್ನ್ ನುಜೈಮ್ ಬರೆಯುವ ಹೊತ್ತಿಗೆ ಜನ ಚಂದ್ರನನ್ನು ಹುಡುಕುವುದರಲ್ಲೇ ಆಲಸಿಗಳಾಗಿದ್ದರು. ನೋಡುವವರೇ ಇಲ್ಲದ ಮೇಲೆ ಗುಂಪನ್ನು ಎಲ್ಲಿಂದ ತರುವುದು? ಇಬ್ಬರ ಮಾತೇ ಸಾಕೆಂಬ ಅಭಿಪ್ರಾಯದತ್ತ ಅವರು ವಾಲಿದರು.

ಲೆಕ್ಕ ಗೊತ್ತಿರಲಿಲ್ಲವೆಂದಲ್ಲ. 9ನೇ ಶತಮಾನದ ಬಾಗ್ದಾದಿನಲ್ಲಿ ಅಲ್-ಖ್ವಾರಿಝ್ಮಿ ಹಿಲಾಲ್ ದರ್ಶನದ ಕೋಷ್ಟಕವನ್ನೇ ರಚಿಸಿದ್ದರು. ಸೂರ್ಯ ಮುಳುಗಿದ ಮೇಲೆ ಚಂದ್ರ ಮುಳುಗಲು ಕನಿಷ್ಠ 48 ನಿಮಿಷ ಇರಬೇಕು ಎಂಬುದು ಅದರ ಆಧಾರ. ಆಕಾಶದ 12 ಡಿಗ್ರಿ ತಿರುಗುವ ಕಾಲ ಅದು. ನಮ್ಮ ಲೆಕ್ಕದಲ್ಲಿ ಸರಿಯಾಗಿ ಎರಡು ಗಳಿಗೆ. ಕಾಕತಾಳೀಯವಲ್ಲ. ಚಂದ್ರದರ್ಶನಕ್ಕೆ 12 ಡಿಗ್ರಿಯ ಅಂತರ ಬೇಕೆಂಬ ಸೂತ್ರ ಸೂರ್ಯಸಿದ್ಧಾಂತದಲ್ಲಿದೆ, ಅರಬ್ ಖಗೋಳಜ್ಞರಿಗೆ ಅದು ಭಾರತದಿಂದಲೇ ಹೋದದ್ದು. ಈಜಿಪ್ಟನ್ನು ಆಳಿದ ಫಾತಿಮಿಗಳು ಲೆಕ್ಕದ ಪಂಚಾಂಗವನ್ನೇ ಅಧಿಕೃತ ಮಾಡಿದರು; ಅವರ ಪರಂಪರೆಯ ಬೋಹ್ರಾಗಳಿಗೆ ಇಂದಿಗೂ 30 ವರ್ಷದ ಚಕ್ರದಲ್ಲಿ 11 ಅಧಿಕದಿನದ ವರ್ಷಗಳ ಆ ಪಂಚಾಂಗವೇ ಗತಿ, ಹಬ್ಬದ ತಾರೀಖು ವರ್ಷ ಮೊದಲೇ ಗೊತ್ತು. ಸುನ್ನಿ ವಿದ್ವಾಂಸರಲ್ಲಿ ಹೆಚ್ಚಿನವರು ಲೆಕ್ಕವನ್ನು ದೂರವಿಟ್ಟರು. 14ನೇ ಶತಮಾನದ ಡಮಾಸ್ಕಸ್‌ನ ಶಾಫಿಈ ನ್ಯಾಯಾಧೀಶ ತಕೀಉದ್ದೀನ್ ಸುಬ್ಕಿ ಒಂದು ನಡುದಾರಿ ತೆರೆದರು: ಲೆಕ್ಕದ ಪ್ರಕಾರ ಚಂದ್ರ ಕಾಣುವುದು ಅಸಾಧ್ಯವಾದರೆ, ಕಂಡೆನೆಂಬ ಸಾಕ್ಷಿಯನ್ನು ಕಾಜಿ ತಳ್ಳಿಹಾಕಬೇಕು. ಗಣಿತವನ್ನು ಅವರು ಕರೆದದ್ದು ಸಾಕ್ಷಿಯ ಪಾಟೀಸವಾಲಿಗೆ, ತಿಂಗಳನ್ನು ಹುಟ್ಟಿಸುವುದಕ್ಕಲ್ಲ.

ಇನ್ನು ಸುದ್ದಿಯ ಸಾಗಾಟ. ಒಂದೂರಿನ ಕಾಜಿ ಇನ್ನೊಂದೂರಿನ ಕಾಜಿಗೆ ಬರೆದ ಪತ್ರಕ್ಕೂ ಸಾಕ್ಷಿಗಳು ಬೇಕಿತ್ತು, ಏಕೆಂದರೆ ಬರಹ ಬರಹವನ್ನು ಹೋಲಬಹುದು. ಆದರೆ ಪಟ್ಟಣದ ತೋಪಿನ ಸದ್ದನ್ನು ಕೇಳಿದ ಹಳ್ಳಿಗ, ಮಿನಾರಿನ ಮೇಲೆ ಹಚ್ಚಿದ ದೀಪಗಳನ್ನು ಕಂಡ ಹಳ್ಳಿಗ ಏನು ಮಾಡಬೇಕು? ಡಮಾಸ್ಕಸ್‌ನ ಇಬ್ನ್ ಆಬಿದೀನ್ (1784–1836) ಇವನ್ನು ಸ್ಪಷ್ಟ ಕುರುಹುಗಳೆಂದು ಒಪ್ಪಿ ಹಳ್ಳಿಗ ಉಪವಾಸ ಹಿಡಿಯಲೇಬೇಕು ಎಂದರು. ತೋಪು ಮಾತಾಡುವುದಿಲ್ಲ, ಅದಕ್ಕೆ ಧರ್ಮವಿಲ್ಲ, ಪ್ರಮಾಣ ಮಾಡುವುದಿಲ್ಲ. ಆದರೂ ಕಾಜಿಯ ತೀರ್ಮಾನವಾಗದೆ ಆ ಹೊತ್ತಿನಲ್ಲಿ ಅದು ಹಾರುವುದಿಲ್ಲ ಎಂಬ ಭರವಸೆ ಇತ್ತು. ಮುಂದೆ ತಂತಿಯ ಕಾಲದಲ್ಲಿ ಈ ತೋಪು ಎರಡೂ ಕಡೆಯವರ ವಾದಕ್ಕೆ ಒದಗಿಬಂತು.

1850ರ ದಶಕದಲ್ಲಿ ಭಾರತದ ಊರುಗಳು ತಂತಿಯಿಂದ ಕೂಡಿಕೊಂಡವು, 1870ರಲ್ಲಿ ಸೂಯೆಜ್–ಮುಂಬೈ ಕಡಲ ತಂತಿ ಬಂತು. ಕುರೈಬ್ ವಾರಗಟ್ಟಲೆ ಹೊತ್ತು ತಂದ ಸುದ್ದಿ ಈಗ ಅದೇ ರಾತ್ರಿ ತಲುಪಬಲ್ಲದಾಗಿತ್ತು. ಮುಫ್ತಿಗಳ ಮುಂದೆ ಪ್ರಶ್ನೆಗಳ ರಾಶಿ ಬಿತ್ತು. ತಂತಿ ಕಳಿಸಿದವನು ಅವನೇ ಎಂದು ಹೇಗೆ ಗೊತ್ತು? ನಡುವೆ ಕೂತ ಗುಮಾಸ್ತ ಯಾರು, ಅವನ ನಂಬಿಕಸ್ಥಿಕೆಯನ್ನು ಅಳೆಯುವುದು ಹೇಗೆ? ಬರೇಲಿಯ ಅಹ್ಮದ್ ರಝಾ ಖಾನ್ ತಂತಿ, ಪತ್ರಿಕೆಯ ಸುದ್ದಿ, ಪಂಚಾಂಗ ಎಲ್ಲವನ್ನೂ ಖಂಡಿತವಾಗಿ ನಿರಾಕರಿಸಿದರು. ಷರತ್ತಿನ ಮೇಲೆ ತೋಪನ್ನು ಒಪ್ಪಿದವರು ತಂತಿಯನ್ನು ಒಪ್ಪಲಿಲ್ಲ. ಇದನ್ನು ಯಂತ್ರದ್ವೇಷ ಎಂದು ಬಣ್ಣಿಸುವುದು ಸುಲಭ, ಆದರೆ ತಪ್ಪು. ತೋಪಿನ ಹಿಂದೆ ಕಾಜಿ ಇದ್ದ, ತಂತಿಯ ಹಿಂದೆ ಯಾರೂ ಇರಲಿಲ್ಲ. 1911ರಲ್ಲಿ ಡಮಾಸ್ಕಸ್‌ನ ಜಮಾಲುದ್ದೀನ್ ಕಾಸಿಮಿ ತಂತಿಯ ಸುದ್ದಿಯನ್ನು ಒಪ್ಪಬೇಕೆಂದು ಒಂದು ಪುಸ್ತಕವನ್ನೇ ಬರೆದರು. ಮುಂದೆ ಈಜಿಪ್ಟಿನ ಮಹಾಮುಫ್ತಿಯಾದ ಮುಹಮ್ಮದ್ ಬಖೀತ್ ಕೂಡ ಅದೇ ವರ್ಷ ಅದೇ ಪಕ್ಷ ಹಿಡಿದರು. ಅವರಿಬ್ಬರ ನಾಡುಗಳಲ್ಲಿ ಅಧಿಕಾರವಿದ್ದ ಕಾಜಿಗಳಿನ್ನೂ ಇದ್ದರು ಎಂಬುದನ್ನು ಮರೆಯಬಾರದು.

ಭಾರತದಲ್ಲಿ ಕಾಜಿಯ ಪೀಠವೇ ಕುಸಿದಿತ್ತು. ಬ್ರಿಟಿಷ್ ಸರ್ಕಾರ 1864ರ 11ನೇ ಕಾಯ್ದೆಯಿಂದ ಕಾಜಿಗಳ ನೇಮಕವನ್ನು ಕೈಬಿಟ್ಟಿತು. ಮದುವೆ ಮುಂತಾದ ಕಾರ್ಯಗಳಿಗೆ ತೊಂದರೆಯಾದದ್ದರಿಂದ 1880ರಲ್ಲಿ ಕಾಜಿಗಳ ಕಾಯ್ದೆ ಬಂತು, ಅದೂ ಮೊದಲಿಗೆ ಮದ್ರಾಸ್ ಪ್ರಾಂತ್ಯಕ್ಕೆ ಮಾತ್ರ. ದಕ್ಷಿಣ ಕನ್ನಡ ಆಗ ಮದ್ರಾಸಿನಲ್ಲಿತ್ತು, ಮೈಸೂರು ಸಂಸ್ಥಾನ ಅದರ ಹೊರಗಿತ್ತು. ಆ ಕಾಯ್ದೆಯೂ ಕಾಜಿಗೆ ನ್ಯಾಯಾಧಿಕಾರ ಕೊಡಲಿಲ್ಲ, ಕೊಡುವುದಿಲ್ಲವೆಂದು ಅದರಲ್ಲೇ ಬರೆದಿದೆ. ಸಾಕ್ಷಿ ಹೇಳಲು ಜನರಿದ್ದರು, ಕೇಳಿ ತೀರ್ಪು ಕೊಡುವ ಪೀಠವಿರಲಿಲ್ಲ. ಆ ಖಾಲಿ ಜಾಗವನ್ನು ಊರಿನ ಆಲಿಮರೂ ಮಸೀದಿಯ ಇಮಾಮರೂ ಆಮೇಲೆ ಹುಟ್ಟಿಕೊಂಡ ಸಮಿತಿಗಳೂ ತುಂಬಿದವು. ಪೀಠಗಳು ಹಲವಾದಾಗ ಹಬ್ಬಗಳೂ ಹಲವಾದವು. ಕರಾವಳಿಯಲ್ಲಿ ಖಾಝಿಯ ಮಾತಿಗೆ ಇಂದಿಗೂ ತೂಕವಿದೆ. ಕಲ್ಲಿಕೋಟೆ ಕಡೆಯ ಕಡಲತೀರಗಳಲ್ಲಿ ಕಂಡ ಚಂದ್ರನ ಸುದ್ದಿ ಖಾಝಿಗಳ ನಡುವಿನ ಹಳೆಯ ಒಡನಾಟದಿಂದ ಬೇಗ ಮಂಗಳೂರು ಮುಟ್ಟುತ್ತದೆ. ಬೆಂಗಳೂರಿನ ಸಮಿತಿ ಕಿವಿಗೊಡುವುದು ಬೇರೆ ಜಾಲಕ್ಕೆ.

ರೇಡಿಯೋ ಬಂದಾಗ ಫಿಕ್ಹ್ (ಇಸ್ಲಾಮೀ ಧರ್ಮಶಾಸ್ತ್ರ) ಒಂದು ಹೆಜ್ಜೆ ಮುಂದಿಟ್ಟಿತು. ರೇಡಿಯೋದಲ್ಲಿ ಬರುವುದು ಸಾಕ್ಷಿಯಲ್ಲ, ಆಗಲೇ ಆದ ತೀರ್ಮಾನದ ಘೋಷಣೆ, ಹಾಗಾಗಿ ತೋಪಿನ ಸದ್ದಿನಂತೆ ಅದನ್ನು ಒಪ್ಪಬಹುದು ಎಂಬ ವಾದ ಹಬ್ಬಿತು. ತೀರ್ಮಾನ ಯಾರದೆಂಬುದು ಮಾತ್ರ ಉಳಿಯಿತು. 1967ರ ಜನವರಿಯಲ್ಲಿ ಪಾಕಿಸ್ತಾನದ ಅಯೂಬ್ ಖಾನ್ ಸರ್ಕಾರ ಈದ್ ಘೋಷಿಸಿದಾಗ ಹಲವು ಉಲಮಾಗಳು ಒಪ್ಪಲಿಲ್ಲ. ಮೌಲಾನಾ ಮೌದೂದಿ ಸೇರಿ ಕೆಲವರು ಜೈಲಿಗೆ ಹೋದರು. ಶುಕ್ರವಾರ ಈದ್ ಬಂದರೆ ಒಂದೇ ದಿನ ಎರಡು ಖುತ್ಬಾ (ಪ್ರವಚನ), ಅದು ಆಳುವವನಿಗೆ ಅಪಶಕುನ, ಅದಕ್ಕೇ ಹಬ್ಬವನ್ನು ಹಿಂದಕ್ಕೆ ಎಳೆದರು ಎಂದು ಜನ ಆಡಿಕೊಂಡರು. ಜನರ ಮಾತು ನಿಜವೋ ಸುಳ್ಳೋ, ಅಂಥ ಗುಮಾನಿ ಹುಟ್ಟಿದ ಮೇಲೆ ಸರ್ಕಾರದ ರೇಡಿಯೋ ಯಾರಿಗೆ ತೋಪಾದೀತು? 1974ರಲ್ಲಿ ಅಲ್ಲಿ ಕೇಂದ್ರ ರುಯತೆ ಹಿಲಾಲ್ (ಚಂದ್ರದರ್ಶನ) ಸಮಿತಿ ರಚನೆಯಾಯಿತು. ಅದೇ 1967ರಲ್ಲಿ ಲಖನೌದ ನದ್ವತುಲ್ ಉಲಮಾದಲ್ಲಿ ಸೇರಿದ ವಿದ್ವಾಂಸರು ಭಾರತ ಮತ್ತು ಪಾಕಿಸ್ತಾನಗಳನ್ನು ಒಂದೇ ದಿಗಂತವೆಂದು, ಈಜಿಪ್ಟ್, ಹಿಜಾಝ್‌ಗಳನ್ನು ಬೇರೆ ದಿಗಂತವೆಂದು ತೀರ್ಮಾನಿಸಿದರು. ಹನಫಿಗಳು ದಿಗಂತದ ಭೇದವನ್ನು ಇಷ್ಟು ಸ್ಪಷ್ಟವಾಗಿ ಒಪ್ಪಿಕೊಂಡದ್ದು ದೊಡ್ಡ ಬದಲಾವಣೆ. ಭಾರತದೊಳಗೇ ಎರಡು ಹಬ್ಬಗಳಾಗುವುದನ್ನು ಮಾತ್ರ ಅದು ತಡೆಯಲಿಲ್ಲ.

ಹೊರನಾಡುಗಳಲ್ಲಿ ಲೆಕ್ಕದ ಮಾತು ಮತ್ತೆ ಎದ್ದಿತು. 1978ರ ಇಸ್ತಾಂಬುಲ್ ಸಮ್ಮೇಳನ ಚಂದ್ರನ ಎತ್ತರ 5 ಡಿಗ್ರಿ, ಸೂರ್ಯನಿಂದ ದೂರ 8 ಡಿಗ್ರಿ ಎಂಬ ಮಾನದಂಡ ಕೊಟ್ಟಿತು. 2006ರಲ್ಲಿ ಉತ್ತರ ಅಮೆರಿಕದ ಫಿಕ್ಹ್ ಮಂಡಳಿ ಲೆಕ್ಕಕ್ಕೇ ಹೋಯಿತು. ಕಾರ್ಖಾನೆಯ ರಜೆಯನ್ನು ತಿಂಗಳ ಮೊದಲೇ ಕೇಳಬೇಕಾದ ಊರಿನಲ್ಲಿ ಅದು ಸಹಜವೂ ಹೌದು.

ಕರಾವಳಿಯವರಿಗೆ ಈಗ ಹತ್ತಿರದ ಪ್ರಶ್ನೆ ಕೊಲ್ಲಿಯದು. ದುಬೈಯಲ್ಲೋ ದಮ್ಮಾಮಿನಲ್ಲೋ ಒಂದು ದಿನ ಮೊದಲೇ ಉಪವಾಸ ಶುರುಮಾಡಿದವರು ಪೆರ್ನಾಲಿಗೆಂದು (ಈದ್ ಹಬ್ಬಕ್ಕೆಂದು) ಊರಿಗೆ ಬಂದರೆ, ಅವರ ಮೂವತ್ತು ತುಂಬಿದ ದಿನ ಊರಿನಲ್ಲಿ ಇನ್ನೂ ಇಪ್ಪತ್ತೊಂಬತ್ತು. ಶಾಫಿಈ ಗ್ರಂಥಗಳಲ್ಲಿ ಇದಕ್ಕೆ ಉತ್ತರ ವಿಮಾನಕ್ಕಿಂತ ಬಹಳ ಹಿಂದಿನಿಂದಲೇ ಸಿದ್ಧವಿದೆ: ಬಂದ ಊರಿನವರ ಜತೆ ಮೂವತ್ತೊಂದನೆಯ ದಿನವೂ ಉಪವಾಸ ಹಿಡಿಯಬೇಕು. ಊರಿನಲ್ಲಿ ತಡವಾಗಿ ಶುರುಮಾಡಿ ಕೊಲ್ಲಿಗೆ ಹಾರಿದವರಿಗೆ ಇಪ್ಪತ್ತೆಂಟಕ್ಕೇ ಹಬ್ಬ ಬಂದರೆ, ಅಲ್ಲಿಯವರ ಜತೆ ಹಬ್ಬ ಮಾಡಿ ಆಮೇಲೆ ಒಂದು ದಿನ ತುಂಬಿಕೊಡಬೇಕು.